ಮೂವತ್ತೊಂದನೆಯ ಅಭಿಪ್ರಾಯ

ನಮ್ಮ ಕಂಪನಿ ಮಾಡುತ್ತಿದ್ದುದು ಕನ್ನಡಕ. ಕಣ್ಣಿನ ಡಾಕ್ಟರು ಕೊಟ್ಟ ಚೀಟಿಯ ಫೋಟೋವನ್ನು ಬೆಳಿಗ್ಗೆ ಕಳಿಸಿದರೆ ಸಂಜೆಯೊಳಗೆ ಕನ್ನಡಕ ಮನೆ ಬಾಗಿಲಿಗೆ ಬರುತ್ತದೆ ಎನ್ನುವುದು ನಮ್ಮ ಹೆಗ್ಗಳಿಕೆ. ನಾನು ಸೇರಿದಾಗ ಹನ್ನೊಂದು ಜನರಿದ್ದೆವು, ಎಲ್ಲರಿಗೂ ಸೇರಿ ಒಂದೇ ಚಹಾ ಪಾತ್ರೆ. ಒಂದೂವರೆ ವರ್ಷ ತುಂಬುವಷ್ಟರಲ್ಲಿ ಮುನ್ನೂರು ದಾಟಿದೆವು. ಕೆಳಗಿನ ಅಂತಸ್ತಿನಲ್ಲಿ ಗಾಜು ಉಜ್ಜುವ ಯಂತ್ರಗಳು, ಮೇಲಿನದರಲ್ಲಿ ಕಂಪ್ಯೂಟರಿನವರು, ನಡುವೆ ಒಂದು ಕಬ್ಬಿಣದ ಮೆಟ್ಟಿಲು. ಜಾಹೀರಾತು ಬರೆಯುವುದು, ಸಿಟ್ಟಾದ ಗಿರಾಕಿಗಳಿಗೆ ತಣ್ಣಗೆ ಉತ್ತರ ಬರೆಯುವುದು ನನ್ನ ಕೆಲಸ.

ಕಂಪನಿ ಕಟ್ಟಿದವನಿಗೆ ಮೂವತ್ತೆರಡು ವರ್ಷ. ಯಾರಾದರೂ ಸಾರ್ ಎಂದರೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಸಾರ್ ಅನ್ಬೇಡಿ, ನಾವೆಲ್ಲ ಒಂದೇ ಮನೆಯವರು" ಎನ್ನುತ್ತಿದ್ದ. ಹಾಗಾಗಿ ಬೆನ್ನ ಹಿಂದೆ ಅವನ ಹೆಸರೇ ಸಾರನ್ಬೇಡಿ ಎಂದಾಯಿತು. ಕೆಲಸಕ್ಕೆ ಸೇರಿಸಿಕೊಳ್ಳುವುದು, ತೆಗೆಯುವುದು, ಮಾತಿನ ಸಿಹಿಗೆ ನಾವು ಸಕ್ಕರೆ ಮೇಡಂ ಎನ್ನುತ್ತಿದ್ದವಳ ಕೈಯಲ್ಲಿ. ಅವಳು ಯಾರನ್ನಾದರೂ ಕೆಲಸದಿಂದ ತೆಗೆದರೆ ಅವರು ಅವಳಿಗೆ ಥ್ಯಾಂಕ್ಸ್ ಹೇಳಿ ಹೊರಬಂದು, ಗೇಟು ದಾಟಿದ ಮೇಲೆ ಅಳುತ್ತಿದ್ದರು.

ಕೆಲಸಗಾರರು ತಮ್ಮ ಕಂಪನಿಯ ಬಗ್ಗೆ ಹೆಸರು ಹೇಳದೆ ಅಭಿಪ್ರಾಯ ಬರೆಯುವ ಒಂದು ವೆಬ್‌ಸೈಟ್ ಇತ್ತು. ಅಲ್ಲಿ ನಮಗೆ ಐದಕ್ಕೆ ಎರಡು ನಕ್ಷತ್ರವೂ ಪೂರ್ತಿ ಸಿಕ್ಕಿರಲಿಲ್ಲ. "ಒಂದೇ ಮನೆಯವರು ಅನ್ನೋದು ನಿಜ. ಮನೆಗೆಲಸಕ್ಕೂ ರಜೆ ಇಲ್ಲವಲ್ಲ" ಎಂದು ಒಬ್ಬರು ಬರೆದಿದ್ದರು. "ಕನಸು ಬೀಳೋದು ಮಾಲೀಕರಿಗೆ, ನಿದ್ದೆ ಕೆಡೋದು ನಮಗೆ" ಎಂದು ಇನ್ನೊಬ್ಬರು. "ಮೂರು ತಿಂಗಳಲ್ಲಿ ಇದು ನಾಲ್ಕನೇ ಮೇಲಧಿಕಾರಿ. ಮುಖ ನೆನಪಿಟ್ಟುಕೊಳ್ಳೋದನ್ನೇ ಬಿಟ್ಟಿದ್ದೀನಿ" ಎಂದು ಮತ್ತೊಬ್ಬರು. ಓದಿ ನಾನೂ ನಕ್ಕಿದ್ದೆ. ಅವುಗಳಲ್ಲಿ ಎರಡನ್ನು ಬರೆದವರು ಯಾರೆಂದು ನನಗೆ ಗೊತ್ತಾಗಿತ್ತು. ಬರವಣಿಗೆ ನಡಿಗೆಯ ಹಾಗೆ. ಬೆನ್ನು ನೋಡಿದರೂ ಇಂಥವರೆಂದು ತಿಳಿಯುತ್ತದೆ.

ಬಂಡವಾಳ ಹಾಕುವವರು ಬರಲು ಎರಡು ವಾರವಿರುವಾಗ ನನ್ನನ್ನು ಗಾಜಿನ ಕೋಣೆಗೆ ಕರೆದರು.

"ಬೇಜಾರಿದ್ದೋರು ಮಾತ್ರ ಬರೀತಾರಮ್ಮ. ಖುಷಿಯಾಗಿರೋರಿಗೆ ಬರೆಯೋಕೆ ಪುರುಸೊತ್ತೆಲ್ಲಿ? ಅವರ ಪರವಾಗಿ ನೀನು ಬರೆದುಕೊಡ್ತೀಯ, ಅಷ್ಟೆ" ಎಂದಳು ಸಕ್ಕರೆ ಮೇಡಂ. "ಒಂದು ನಲವತ್ತು ಸಾಕು."

ಸಾರನ್ಬೇಡಿ ಕಿಟಕಿಯ ಕಡೆ ನೋಡುತ್ತ ನಿಂತಿದ್ದ. ಇಂಥ ವಿಷಯ ಅವನ ಕಿವಿಗೆ ಬೀಳುತ್ತಿರಲಿಲ್ಲ.

ಮೂರು ದಿನದಲ್ಲಿ ನಲವತ್ತು ಅಭಿಪ್ರಾಯ ಬರೆದೆ. ಮನಸ್ಸಿಲ್ಲದೆ ಬರೆದೆ ಎಂದರೆ ಸುಳ್ಳಾಗುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಧಾಟಿ ಕೊಟ್ಟೆ, ಒಂದೊಂದು ಸಣ್ಣ ಗೊಣಗಾಟ ಕೊಟ್ಟೆ. ಬರೀ ಹೊಗಳಿದರೆ ಯಾರು ನಂಬುತ್ತಾರೆ? ಪಾರ್ಕಿಂಗ್ ಸಾಲದು, ಎ.ಸಿ. ಜಾಸ್ತಿ ಎಂದೆಲ್ಲ ಸೇರಿಸಿದೆ. ಮೂವತ್ತೊಂದನೆಯದು ಗಾಜು ಉಜ್ಜುವವನದು ಆಗಬೇಕಿತ್ತು. ಆ ಕಸುಬಿನವರಲ್ಲಿ ನನಗೆ ಹತ್ತಿರದಿಂದ ಗೊತ್ತಿದ್ದವರು ಒಬ್ಬರೇ, ನಮ್ಮ ಭಾವ. ಹೀಗೆ ಬರೆದೆ:

"ಇಪ್ಪತ್ತು ವರ್ಷದಿಂದ ಗಾಜು ಉಜ್ಜುತ್ತಿದ್ದೇನೆ. ಗಾಜಿಗೆ ಕೈಯ ಸಿಟ್ಟು ಗೊತ್ತಾಗುತ್ತದೆ, ಅವಸರವೂ ಗೊತ್ತಾಗುತ್ತದೆ. ಇಲ್ಲಿ ನನ್ನನ್ನು ಯಾರೂ ಅವಸರ ಮಾಡುವುದಿಲ್ಲ. ಇದು ಸರಿ ಇಲ್ಲ ಎಂದು ನಾನು ಪಕ್ಕಕ್ಕೆತ್ತಿಟ್ಟ ಗಾಜನ್ನು ಯಾರೂ ಗಿರಾಕಿಗೆ ಕಳಿಸುವುದಿಲ್ಲ. ನನ್ನ ಕೈಗೆ ಮೊದಲ ಸಲ ಮರ್ಯಾದೆ ಸಿಕ್ಕಿದೆ. ಚಹಾ ಮಾತ್ರ ನೀರು."

ಅಪ್ಪ ತೀರಿಕೊಂಡ ಮೇಲೆ, ಹದಿನಾಲ್ಕನೇ ವಯಸ್ಸಿನಿಂದ ನಾನು ಬೆಳೆದದ್ದು ಅಕ್ಕ-ಭಾವನ ಮನೆಯಲ್ಲಿ. ಭಾವ ಒಂದು ಹಳೆಯ ಕನ್ನಡಕದಂಗಡಿಯ ಹಿಂಬದಿಯ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ಸ್ಟೂಲಿನ ಮೇಲೆ ಕೂತು ಗಾಜು ಉಜ್ಜುತ್ತಿದ್ದರು. ಅಂಗಡಿಯ ಮುದುಕ ಮಾಲೀಕ ನ್ಯಾಯವಂತ, ಆದರೆ ಹೊಗಳಿ ಗೊತ್ತಿಲ್ಲದವನು. ಚೆನ್ನಾಗಿದ್ದರೆ ಸುಮ್ಮನಿರುತ್ತಿದ್ದ, ಕೆಟ್ಟರೆ ಕೆಮ್ಮುತ್ತಿದ್ದ. ಹತ್ತೊಂಬತ್ತು ವರ್ಷ ಆ ಕೆಮ್ಮಿಗೆ ಕಿವಿಗೊಟ್ಟು ಬದುಕಿದವರು ಭಾವ.

ಒಂದು ಭಾನುವಾರ ಊಟಕ್ಕೆ ಹೋದಾಗ ಅವರು ಫೋನು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು.

"ಗುಬ್ಬಿ, ಬಾ ಇಲ್ಲಿ. ನಿಮ್ಮ ಕಂಪನೀಲಿ ಗಾಜು ಉಜ್ಜೋನು ಒಬ್ಬ ಏನ್ ಬರ್ದಿದ್ದಾನೆ ಕೇಳು." ಗಟ್ಟಿಯಾಗಿ ಓದಿದರು. ಓದುತ್ತ ಓದುತ್ತ ದನಿ ಸ್ವಲ್ಪ ಒಡೆಯಿತು. "‘ಗಾಜಿಗೆ ಕೈಯ ಸಿಟ್ಟು ಗೊತ್ತಾಗುತ್ತದೆ!’ ಕೇಳಿದ್ಯಾ ಇವಳೇ? ನಾನು ಹೇಳೋ ಮಾತೇ! ಕಸುಬು ಕಲಿತೋರೆಲ್ಲ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ತಾರೆ ನೋಡು. ನನಗಿಂತ ಒಂದೇ ವರ್ಷಕ್ಕೆ ದೊಡ್ಡೋನು ಈ ಅಣ್ಣ."

ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಒಮ್ಮೆ ನನ್ನ ಮುಖ ನೋಡಿ ಮತ್ತೆ ಬಟ್ಟೆಗೆ ಕೈಹಾಕಿದಳು.

"ನಿಜಾನಾ ಗುಬ್ಬಿ? ಅಷ್ಟು ಮರ್ಯಾದೆ ಕೊಡ್ತಾರಾ ಅಲ್ಲಿ? ಉಜ್ಜೋರು ಬೇಕು ಅಂತ ಜಾಹೀರಾತೂ ಹಾಕಿದ್ದಾರೆ."

ಇಲ್ಲ ಎನ್ನುವುದಕ್ಕೆ ಒಂದು ಉಸಿರಿನಷ್ಟು ಸಮಯವಿತ್ತು. ಇಲ್ಲ ಎಂದರೆ ಮತ್ತೆ ಇವನು ಯಾಕೆ ಹೀಗೆ ಬರೆದ ಎಂದು ಕೇಳುತ್ತಾರೆ, ಆಗ ಬರೆದವಳು ನಾನೆಂದು ಹೇಳಬೇಕು. ಭಯ ಇತ್ತು, ಆದರೆ ಭಯ ಒಂದೇ ಅಲ್ಲ. ನಾನು ಬರೆದದ್ದನ್ನು ಓದಿ ಒಬ್ಬ ಮನುಷ್ಯನ ದನಿ ಒಡೆದದ್ದು ಅದೇ ಮೊದಲು. ಅದು ನನ್ನ ತಲೆಗೇರಿತ್ತು.

"ಹೂಂ ಭಾವ. ಒಳ್ಳೆ ಜನ" ಎಂದೆ.

ಭಾವ ರಾಜೀನಾಮೆ ಕೊಟ್ಟ ದಿನ ಮುದುಕ ಮಾಲೀಕ ಕೆಮ್ಮಲಿಲ್ಲವಂತೆ. "ಹೋಗು. ಆದ್ರೆ ನಾಳೆ ಆ ಸ್ಟೂಲಿನ ಮೇಲೆ ಇನ್ನೊಬ್ಬ ಕೂತಿರ್ತಾನೆ" ಎಂದಷ್ಟೇ ಹೇಳಿದನಂತೆ.

ಕೆಲಸಕ್ಕೆ ಸೇರುವ ಮುಂಚೆ ನಾನೊಂದು ಮಾತು ಹೇಳಿದೆ: "ಆಫೀಸಲ್ಲಿ ನಮ್ಮ ನಂಟಸ್ತನ ಗೊತ್ತಾಗೋದು ಬೇಡ ಭಾವ. ಆಡ್ಕೊಳ್ತಾರೆ."

"ಅದೂ ಸರಿ. ಅಲ್ಲಿ ನೀನು ಮೇಡಂ" ಎಂದು ನಕ್ಕರು.

ಸೇರಿದ ಮೊದಲ ದಿನದಿಂದ ಅವರು ಆ ಅಣ್ಣನನ್ನು ಹುಡುಕತೊಡಗಿದರು. ಚಹಾದ ಹೊತ್ತಿಗೆ ಯಂತ್ರದಿಂದ ಯಂತ್ರಕ್ಕೆ ಹೋಗಿ, "ನಿಮ್ಮಲ್ಲಿ ಇಪ್ಪತ್ತು ವರ್ಷ ಉಜ್ಜಿರೋರು ಯಾರು?" ಎಂದು ಕೇಳುವರು. ಅಲ್ಲಿದ್ದವರಲ್ಲಿ ಹಳಬನೆಂದರೆ ಎರಡೂವರೆ ವರ್ಷದವನು. ಯಾಕೆ ಕೇಳುತ್ತೀರಿ ಎಂದರೆ ಫೋನು ತೆಗೆದು ಓದಿ ತೋರಿಸುವರು. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಾರದೊಳಗೆ ಅವರಿಗೆ ‘ಐದು ನಕ್ಷತ್ರ’ ಎಂದು ಹೆಸರಿಟ್ಟರು. "ಐದು ನಕ್ಷತ್ರ, ನಿಮ್ಮಣ್ಣ ಆಗ್ಲೇ ಕಕ್ಕಸಿಗೆ ಹೋದ, ಓಡಿ" ಎಂದು ಒಬ್ಬ ಹೇಳಿದರೆ ಇನ್ನೊಬ್ಬ, "ಇಲ್ಲಪ್ಪ, ಅವನು ಚಹಾ ಕುಡಿದು ಸತ್ತ" ಎನ್ನುವನು. ಭಾವನೂ ಅವರ ಜೊತೆ ನಕ್ಕು, ಮರುದಿನ ಮತ್ತೆ ಕೇಳುವರು. ಮೇಲಿನಿಂದ ಕಬ್ಬಿಣದ ಮೆಟ್ಟಿಲ ಸಂದಿಯಲ್ಲಿ ನನಗೆ ಅದೆಲ್ಲ ಕಾಣುತ್ತಿತ್ತು.

ಕೆಳಗಿನ ಗೋಡೆಯ ಮೇಲೆ ಒಂದು ದೊಡ್ಡ ಪರದೆ. ಒಂದು ಜೊತೆ ಗಾಜಿಗೆ ನಾಲ್ಕು ನಿಮಿಷ. ಯಾರು ಎಷ್ಟು ಮುಗಿಸಿದರೆಂದು ಪರದೆ ತೋರಿಸುವುದು; ಎಲ್ಲರಿಗಿಂತ ಹಿಂದಿದ್ದವರ ಹೆಸರು ಕೆಂಪಗೆ ಮಿನುಗುವುದು. ಭಾವನ ಹೆಸರು ಎರಡನೇ ವಾರದಿಂದ ಮಿನುಗತೊಡಗಿತು. ನಿಧಾನದವರಲ್ಲ ಅವರು. ಡಾಕ್ಟರ ಚೀಟಿಯಲ್ಲಿ ಬರೆದ ಕೋನ ತಪ್ಪಿದ ಗಾಜನ್ನು ಪಕ್ಕಕ್ಕೆತ್ತಿಟ್ಟು ಹೊಸದಾಗಿ ಉಜ್ಜುತ್ತಿದ್ದರು, ಪರದೆಗೆ ಅದು ಲೆಕ್ಕಕ್ಕಿಲ್ಲ.

ಅವರ ಪರವಾಗಿ ಅಲ್ಲಿ ಒಬ್ಬಳೇ ಇದ್ದಳು. ಉಜ್ಜಿದ ಗಾಜನ್ನು ಅಳತೆಯ ಯಂತ್ರಕ್ಕಿಟ್ಟು ಸರಿ-ತಪ್ಪು ನೋಡುವ ತಪಾಸಣೆಯವಳು. ಗಾಜಿನ ಪುಡಿಗೆ ದಿನವಿಡೀ ಸೀನುತ್ತಿದ್ದುದರಿಂದ ಎಲ್ಲರಿಗೂ ಅವಳು ಸೀನಕ್ಕ. ಗಂಡ ಇಲ್ಲ, ಮನೆಯಲ್ಲಿ ಎರಡು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಭಾವ ಬೇಡವೆಂದ ಗಾಜನ್ನು ಅವಳೂ ಬೇಡವೆನ್ನುವಳು. ಇಬ್ಬರೂ ಸೇರಿ ದಿನಕ್ಕೆ ಇಪ್ಪತ್ತು ಮೂವತ್ತು ಜೊತೆ ತಡೆದರೆ, ಸಂಜೆ ಮೇಲ್ವಿಚಾರಕ ಬಂದು ಅಷ್ಟನ್ನೂ ಡಬ್ಬಕ್ಕೆ ತುಂಬಿ ಕಳಿಸಿಬಿಡುವನು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ವೆಬ್‌ಸೈಟಿನಲ್ಲಿ ಹೊಸ ಅಭಿಪ್ರಾಯವೊಂದು ಕಂಡಿತು.

"ಅಣ್ಣಾ, ನೀನು ಬರೆದಿದ್ದು ಓದಿ ಇಲ್ಲಿಗೆ ಬಂದೆ. ಹುಡುಕಿ ಹುಡುಕಿ ಸಾಕಾಯಿತು, ನೀನು ಸಿಗಲಿಲ್ಲ. ನಿನ್ನನ್ನು ಅವಸರ ಮಾಡದವರು ನನ್ನನ್ನು ಯಾಕೆ ಮಾಡುತ್ತಾರೆ? ಮೊನ್ನೆ ಒಂದು ಮಗುವಿನ ಕನ್ನಡಕ, ಕೋನ ತಪ್ಪಿತ್ತು. ನಾನೂ ಬೇಡ ಅಂದೆ, ತಪಾಸಣೆಯವರೂ ಬೇಡ ಅಂದರು. ಆದರೂ ಹೋಯಿತು. ಆ ಮಗು ಓದುವಾಗ ತಲೆನೋವು ಅಂದರೆ ಸೋಮಾರಿ ಅಂತ ಮನೆಯಲ್ಲಿ ಹೊಡೆಯುತ್ತಾರೆ. ನೀನು ಇಲ್ಲೇ ಇದ್ದರೆ ದಯವಿಟ್ಟು ಬಂದು ಮಾತಾಡಿಸು. ಬಿಟ್ಟು ಹೋಗಿದ್ದರೆ, ಹೋಗುವಾಗ ಆ ಮಾತನ್ನು ಅಳಿಸಿ ಹೋಗಬೇಕಿತ್ತು."

ಮಧ್ಯಾಹ್ನದೊಳಗೆ ಸಾವಿರಾರು ಜನ ಅದನ್ನು ಓದಿದ್ದರು. ನನ್ನನ್ನು ಗಾಜಿನ ಕೋಣೆಗೆ ಕರೆದರು.

"ಒಂದೋ ಐದು ನಕ್ಷತ್ರ, ಇಲ್ಲಾ ಸೀನಕ್ಕ" ಎಂದಳು ಸಕ್ಕರೆ ಮೇಡಂ. "ನೀನು ಬರೆಯೋಳು, ನಿಂಗೆ ಧಾಟಿ ತಿಳಿಯುತ್ತೆ. ಯಾರದಮ್ಮ ಇದು?"

"ಗೊತ್ತಾಗ್ತಿಲ್ಲ ಮೇಡಂ."

"ಗೊತ್ತಾಗದಿದ್ರೆ ಇಬ್ಬರನ್ನೂ ಕಳಿಸಬೇಕಾಗುತ್ತೆ. ಪಾಪ, ಒಬ್ಬರ ಅನ್ನವಾದ್ರೂ ಉಳೀಲಿ ಅಂತ ಕೇಳ್ತಿದ್ದೀನಿ."

ಪರದೆಯ ಮೇಲಿದ್ದ ಒಂದೊಂದು ಸಾಲೂ ಭಾವನ ದನಿಯಲ್ಲೇ ನನಗೆ ಕೇಳುತ್ತಿತ್ತು.

"ಹೆಂಗಸಿನ ಧಾಟಿ" ಎಂದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಯಾರೂ ಕಾರಣ ಕೇಳಿರಲಿಲ್ಲ. ಆದರೂ ನಾನೇ ಬಿಡಿಸಿ ಹೇಳಿದೆ: "ಮಗು, ತಲೆನೋವು, ಮನೇಲಿ ಹೊಡೆಯೋದು... ಇದೆಲ್ಲ ತಾಯಿಗೆ ತೋಚೋದು. ‘ತಪಾಸಣೆಯವರೂ ಬೇಡ ಅಂದರು’ ಅಂತ, ಅಣ್ಣನ್ನ ಹುಡುಕ್ತಿದ್ದೀನಿ ಅಂತ ಬೇಕಂತಲೇ ಹಾಕಿದ್ದಾಳೆ, ತಾನಲ್ಲ ಅಂತ ತೋರಿಸೋಕೆ."

"ನೋಡಿ, ಬರೆಯೋರ ಕಣ್ಣೇ ಬೇರೆ" ಎಂದ ಸಾರನ್ಬೇಡಿ. ಅವನು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಊಟದ ಹೊತ್ತಿಗೆ ಸೀನಕ್ಕನನ್ನು ಕೆಳಗಿನ ಸಣ್ಣ ಕೋಣೆಗೆ ಕರೆದು ಕಾಗದ ಕೊಟ್ಟರು. ಅವಳು ತನ್ನ ಜಾಗಕ್ಕೆ ಮರಳಿ ಹೋಗಲು ನೋಡಿದರೆ ಅವಳ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಊಟದ ಡಬ್ಬಿ, ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆ, ಒಂದು ಸ್ವೆಟರು, ಇಷ್ಟನ್ನು ಕಾವಲಿನವನು ಪ್ಲಾಸ್ಟಿಕ್ ಕವರಿನಲ್ಲಿ ತಂದುಕೊಟ್ಟ. ಅವಳು ಡಬ್ಬಿ ಅಲ್ಲಾಡಿಸಿ ನೋಡಿ, "ಇನ್ನೂ ಉಂಡಿಲ್ಲ ನಾನು" ಎಂದಳಂತೆ. ಕೂತು ಉಣ್ಣಲು ಬಿಡಲಿಲ್ಲ.

ಐದು ನಿಮಿಷದಲ್ಲಿ ಭಾವ ಕಬ್ಬಿಣದ ಮೆಟ್ಟಿಲೇರಿ ಬಂದರು. ಕೆಳಗಿನವರು ಮೇಲೆ ಬರುವುದು ಯಾರೂ ನೋಡಿರದ ಸಂಗತಿ. ಎಲ್ಲರೂ ಕೀಲಿಮಣೆ ಬಿಟ್ಟು ತಿರುಗಿದರು. ಅವರು ನೇರ ಗಾಜಿನ ಕೋಣೆಗೆ ನುಗ್ಗಿದರು. ನಾನು ಅಲ್ಲೇ ಇದ್ದೆ, ಆ ಅಭಿಪ್ರಾಯಕ್ಕೆ ಕಂಪನಿಯ ಪರವಾಗಿ ಉತ್ತರ ಬರೆಯುತ್ತಿದ್ದೆ.

"ಸಾರ್, ಬರ್ದಿದ್ದು ನಾನು. ಆಯಮ್ಮನ್ನ ವಾಪಸ್ ಕರೀರಿ."

"ಸಾರ್ ಅನ್ಬೇಡಿ" ಎಂದ ಅವನು, ಅಭ್ಯಾಸಕ್ಕೆ.

"ಎಷ್ಟು ದೊಡ್ಡ ಮನಸ್ಸು ನಿಮ್ದು!" ಎಂದು ಸಕ್ಕರೆ ಮೇಡಂ ಕುರ್ಚಿ ಎಳೆದುಕೊಟ್ಟಳು. "ಆದ್ರೆ ಅವರ ಕಾಗದ ಹೋಗಾಯ್ತಲ್ಲ. ಒಂದೇ ದಿನದಲ್ಲಿ ಎರಡು ಮಾತಾಡಿದ್ರೆ ಕಂಪನಿ ಮರ್ಯಾದೆ ಏನಾಗಬೇಕು ಹೇಳಿ? ನಿಮ್ಮ ಕಾಗದಾನೂ ಈಗ್ಲೇ ಮಾಡಿಸ್ತೀನಿ, ಕೂತ್ಕೊಳ್ಳಿ. ನೀರು ಕುಡೀತೀರಾ?"

"ತಪ್ಪು ಮಾಡಿದ್ದು ನಾನು. ಎರಡು ಮಕ್ಕಳ ತಾಯಿ ಅದು. ಅವಳೇ ಬರ್ದಿದ್ದು ಅಂತ ನಿಮಗೆ ಯಾರು ಹೇಳಿದ್ರು?"

ಸಕ್ಕರೆ ಮೇಡಂ ಲೋಟಕ್ಕೆ ನೀರು ಬಗ್ಗಿಸಿದಳು. ಭಾವ ನನ್ನ ಕಡೆ ತಿರುಗಿದರು. ಗುಬ್ಬಿ ಎಂದೇಬಿಡುತ್ತಾರೆ ಎಂದುಕೊಂಡೆ. ಅವರು ಕೊಟ್ಟ ಮಾತು ತಪ್ಪುವವರಲ್ಲ.

"ಮೇಡಂ" ಎಂದರು ನನಗೆ. "ನೀವಾದ್ರೂ ಒಂದು ಮಾತು ಹೇಳಿ ಮೇಡಂ."

ನಾನು ಪರದೆ ನೋಡುತ್ತ ಟೈಪು ಮಾಡುತ್ತಲೇ ಇದ್ದೆ. ಆಮೇಲೆ ನೋಡಿದರೆ ಅಂದಿನ ತಾರೀಖನ್ನೇ ಏಳೆಂಟು ಸಲ ಹೊಡೆದಿದ್ದೆ.

ಅವರು ಹೋದ ಮೇಲೆ ಸಕ್ಕರೆ ಮೇಡಂ ನನ್ನ ಭುಜದ ಮೇಲೆ ಕೈಯಿಟ್ಟಳು. "ಹೆಂಗಸಿನ ಧಾಟಿ ಅಂದ್ಯಲ್ಲ! ಪರವಾಗಿಲ್ಲ ಬಿಡು, ಎಲ್ಲರೂ ಒಂದೊಂದು ಸಲ ತಪ್ತಾರೆ. ಅರ್ಜೀಲಿ, ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡಬೇಕು ಅನ್ನೋ ಕಡೆ ನಿಮ್ಮ ಭಾವ ನಿನ್ನ ನಂಬರೇ ಕೊಟ್ಟಿದ್ರು. ನಾದಿನಿ ಅಂತ ಬರ್ದಿದ್ರು. ಸೇರಿದ ದಿನದಿಂದ್ಲೇ ಗೊತ್ತು ನಂಗೆ."

ಮುಂದಿನ ತಿಂಗಳು ‘ನೌಕರರ ದನಿ’ ಎಂಬ ಹೊಸ ವಿಭಾಗ ತೆರೆದು ನನ್ನನ್ನು ಅದಕ್ಕೆ ಮುಖ್ಯಸ್ಥೆ ಮಾಡಿದರು. ಕೆಲಸಗಾರರು ಏನು ಅಂದುಕೊಂಡಿದ್ದಾರೆ ಎಂದು ಮೊದಲೇ ತಿಳಿದುಕೊಳ್ಳುವುದು, ಕೆಲಸ ಬಿಟ್ಟವರ ಪತ್ರಗಳಿಗೆ ಉತ್ತರಿಸುವುದು ಅದರ ಕೆಲಸ.

ಭಾವನ ಕೆಲಸ ಹೋದ ವಾರದ ಭಾನುವಾರವೇ ಅಕ್ಕನ ಮನೆಗೆ ಹೋದಾಗ ಭಾವ ಇರಲಿಲ್ಲ. ಸೀನಕ್ಕನ ಮನೆ ಹುಡುಕಿಕೊಂಡು ಕ್ಷಮೆ ಕೇಳಲು ಹೋಗಿದ್ದರು. ಅಕ್ಕ ನನಗೆ ತಟ್ಟೆ ಹಾಕಿ, ಬಡಿಸಿ, ಎದುರಿಗೆ ಕೂತಳು.

"ಅವತ್ತು ಇವರು ಓದಿದಾಗ್ಲೇ ಗೊತ್ತಾಯ್ತು ನಂಗೆ, ನಿಂದೇ ಅದು ಅಂತ. ಗಾಜಿನ ಸಿಟ್ಟಿನ ಮಾತು ಇವರು ಹೊರಗೆ ಎಲ್ಲೂ ಆಡಿದೋರಲ್ಲ. ಈ ಮನೇಲಿ ಉಂಡೋರು ಮಾತ್ರ ಕೇಳಿರೋದು."

ತುತ್ತನ್ನು ತಟ್ಟೆಗಿಟ್ಟೆ. "ಮತ್ತೆ ಯಾಕಕ್ಕ ಸುಮ್ನಿದ್ದೆ?"

"ನೀನೇ ಬಾಯಿಬಿಡ್ತೀಯ ಅಂತ ಕಾದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ. ಅಷ್ಟರಲ್ಲಿ ಇವರು ರಾಜೀನಾಮೆ ಕೊಟ್ಟು ಬಂದ್ರು." ಅವಳು ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಉಂಡ ಮನೆ ಜಂತೆ ಎಣಿಸೋದು ಅಂತಾರೆ. ನೀನು ಎಣಿಸೋದಲ್ಲ, ಕಿತ್ಕೊಂಡು ಹೋಗಿ ಮಾರಿದೆ."

"ಭಾವಂಗೆ ನಾನೇ ಹೇಳ್ತೀನಿ."

"ಬಾಯಿ ಮುಚ್ಚು. ಇವರಿಗೆ ಈ ಜನ್ಮದಲ್ಲಿ ಗೊತ್ತಾಗಕೂಡದು. ಕೆಲಸ ಹೋಗಿದೆ, ಮುದುಕರ ಅಂಗಡೀಲಿ ಬೇರೆಯೋನು ಕೂತಿದ್ದಾನೆ. ಇನ್ನು ನೀನೂ ಹೋದೆ ಅಂದ್ರೆ ಇವರಿಗೇನು ಉಳಿಯುತ್ತೆ? ವಾರವಾರ ಬರ್ತಿದ್ದ ಹಾಗೇ ಬಾ. ಉಣ್ಣು, ನಗು, ಹೋಗು. ನೀನು ಬರದಿದ್ರೆ ಇವರು ಯಾಕೆ ಅಂತ ಕೇಳ್ತಾರೆ, ನಂಗೆ ಸುಳ್ಳು ಹೇಳೋಕೆ ಬರಲ್ಲ."

ಹಾಗಾಗಿ ಹೋಗುತ್ತಲೇ ಇದ್ದೆ. ಭಾವನಿಗೆ ಎರಡು ತಿಂಗಳ ಮೇಲೆ ಕನ್ನಡಕದ ಫ್ರೇಮುಗಳ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ ಸಿಕ್ಕಿತು. ಬೆರಳ ತುದಿಗೆ ಗೋಂದು ಮೆತ್ತಿ ಒಣಗಿರುತ್ತಿತ್ತು. ಮಾತಾಡುತ್ತ ಅದನ್ನು ಉಗುರಿನಿಂದ ಸುಲಿಯುವರು. ನನ್ನ ಬಡ್ತಿಯ ಸುದ್ದಿ ಕೇಳಿ ಅವರಿಗಾದ ಸಂತೋಷ ನನಗೂ ಆಗಿರಲಿಲ್ಲ. ಬಡಿಸುವಾಗ ಅಕ್ಕ ನನ್ನ ತಟ್ಟೆಯನ್ನಷ್ಟೇ ನೋಡುತ್ತಿದ್ದಳು.

ಸೀನಕ್ಕ ಸಿಕ್ಕಿದ್ದು ಅದಾಗಿ ಮತ್ತೊಂದು ತಿಂಗಳಿಗೆ, ಸಂಜೆ, ಆಫೀಸಿನೆದುರಿನ ಬಸ್ ನಿಲ್ದಾಣದಲ್ಲಿ. ನನಗಾಗಿಯೇ ಕಾಯುತ್ತಿದ್ದಳು. ಸೀನು ನಿಂತಿತ್ತು, ಆದರೆ ಮುಖ ಅರ್ಧವಾಗಿತ್ತು. ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀವು ಅವರ ನಾದಿನಿ ಅಂತ ಗೊತ್ತೇ ಇರ್ಲಿಲ್ಲ ಮೇಡಂ. ನಿಮ್ಮ ಭಾವ ಮನೆಗೆ ಬಂದಿದ್ರು. ‘ಆ ಕೋಣೇಲಿ ನಮ್ಮ ಹುಡುಗಿ ಇದ್ಲು, ಬಾಯಿಬಿಡೋ ಹಾಗಿರ್ಲಿಲ್ಲ ಪಾಪ, ಆದ್ರೆ ಒಳಗಿಂದ ನಿಮ್ಮ ಪರ ಮಾಡೋದೆಲ್ಲ ಮಾಡಿರ್ತಾಳೆ’ ಅಂದ್ರು. ನಿಮ್ಮಂಥೋರು ಒಬ್ಬರಾದ್ರೂ ಇದ್ದಾರಲ್ಲ ಅಂತ ಸಮಾಧಾನ ಆಯ್ತು."

"ಅಯ್ಯೋ, ಅದೆಲ್ಲ ಏನಿಲ್ಲ" ಎಂದೆ. ಆ ಮಾತು ನಿಜವಾಗಿದ್ದರೂ ಅವಳಿಗೆ ದೊಡ್ಡತನದ ಹಾಗೆ ಕೇಳಿಸಿತು.

ಅವಳಿಗೆ ಬೇಕಾಗಿದ್ದುದು ಅನುಭವದ ಪತ್ರ, ಎರಡು ಸಾಲು: ಇಂಥವರು ಇಲ್ಲಿ ಇಷ್ಟು ಕಾಲ ತಪಾಸಣೆ ಕೆಲಸ ಮಾಡಿದ್ದಾರೆ ಎಂದು. ಅದಿಲ್ಲದೆ ಯಾವ ಕಾರ್ಖಾನೆಯವರೂ ಸೇರಿಸಿಕೊಳ್ಳುತ್ತಿರಲಿಲ್ಲ. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಎಲ್ಲ ಕಡೆ ಕೇಳುತ್ತಿದ್ದರು. ಸದ್ಯಕ್ಕೆ ಎರಡು ಮನೆಯ ಪಾತ್ರೆ ತಿಕ್ಕುತ್ತಿದ್ದಳು.

"ಬರೆದು ಕಳಿಸಿ, ನನ್ನ ವಿಭಾಗಕ್ಕೇ ಬರುತ್ತೆ. ನೋಡ್ತೀನಿ" ಎಂದೆ. ಬಸ್ಸು ಬಂತು. ಕಿಟಕಿಯಿಂದ ನೋಡಿದರೆ ಇನ್ನೂ ಕೈಬೀಸುತ್ತಿದ್ದಳು.

ಮರುದಿನವೇ ಪತ್ರ ಬಂತು, ಮಗಳ ಕೈಲಿ ಬರೆಸಿದ್ದು. ಅವಳಿಗೆ ಪತ್ರ ಕೊಡಬೇಕಾದರೆ ಸಕ್ಕರೆ ಮೇಡಂ ಸಹಿ ಬೇಕು. ಸಹಿ ಕೇಳಿದರೆ ಕಡತ ತೆರೆಯಬೇಕು, ಅದರಲ್ಲಿ ಅವಳ ಹೆಸರು ಹೇಳಿದವರು ಯಾರೆಂದು ಬರೆದಿತ್ತು; ಅದು ನಾಲ್ಕು ಕೈ ದಾಟಿದರೆ ಭಾವನ ಕಿವಿಗೂ ಬೀಳುತ್ತದೆ. ಮೂರು ದಿನ ಹಾಗೇ ಇಟ್ಟೆ. ನಾಲ್ಕನೇ ದಿನ ಕೂತು ಉತ್ತರ ಬರೆದೆ: ನಿಮ್ಮ ಸೇವೆಯನ್ನು ಸಂಸ್ಥೆ ಸದಾ ನೆನೆಯುತ್ತದೆ, ನಿಯಮಗಳ ಕಾರಣ ಪತ್ರ ಕೊಡಲಾಗುತ್ತಿಲ್ಲ, ನಿಮ್ಮ ಮಕ್ಕಳ ಭವಿಷ್ಯಕ್ಕೆ ಹೃತ್ಪೂರ್ವಕ ಶುಭಾಶಯಗಳು. ಒರಟಾಗಬಾರದೆಂದು ಎರಡು ಸಲ ತಿದ್ದಿದೆ.

ಅವಳಿಂದ ಮರು ಉತ್ತರ ಬಂತು, ಅದೂ ಮಗಳೇ ಬರೆದದ್ದು. "ಇಷ್ಟು ಪ್ರೀತಿಯಿಂದ ಬರೆದಿದ್ದೀರಿ ಮೇಡಂ, ನಿಮ್ಮ ಕೈಲಿ ಆಗಿದ್ದರೆ ಖಂಡಿತ ಮಾಡುತ್ತಿದ್ದಿರಿ. ಓದಿ ಅಮ್ಮ ಅತ್ತರು" ಎಂದಿತ್ತು. ಕೆಳಗೆ ಮಗಳು ತನ್ನ ಹೆಸರನ್ನೂ ಸೇರಿಸಿ ಧನ್ಯವಾದ ಹೇಳಿದ್ದಳು.